ಹಾಸಿಗೆರಾಯರು ನಿದ್ದೆಗೆಟ್ಟ ರಾತ್ರಿ

ಲೋಕದಲ್ಲಿ ಗೊರಕೆ ಹೊಡೆಯುವವರಿಗೇನೂ ಬರವಿಲ್ಲ. ಆದರೆ ಗೊರಕೆಯನ್ನೇ ಬಂಡವಾಳ ಮಾಡಿಕೊಂಡು ಅಂಗಡಿ ನಡೆಸಿದವರು, ನಮಗೆ ಗೊತ್ತಿರುವ ಮಟ್ಟಿಗೆ, ಹಾಸಿಗೆರಾಯರು ಒಬ್ಬರೇ.

ಅವರ ಹಾಸಿಗೆ ಅಂಗಡಿ ಪೇಟೆಬೀದಿಯ ತಿರುವಿನಲ್ಲಿದೆ. ಒಂದು ಪಕ್ಕದಲ್ಲಿ ಔಷಧಿ ಅಂಗಡಿ, ಇನ್ನೊಂದು ಪಕ್ಕದಲ್ಲಿ ಕ್ಷೌರದಂಗಡಿ. ಬಾಗಿಲ ಮೇಲೆ ‘ನಿಮ್ಮ ನಿದ್ದೆಗೆ ನಾವು ಜವಾಬ್ದಾರಿ’ ಎಂಬ ಬೋರ್ಡು. ಹತ್ತಿಯದು, ನಾರಿನದು, ಫೋಮಿನದು ಎಂದು ಹಾಸಿಗೆಗಳನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದರೂ ಬಾಗಿಲ ಬಳಿಯ ಮಂಚದ ಮೇಲೆ ಒಂದನ್ನು ಹಾಸಿಯೇ ಇರುತ್ತಾರೆ. ಹೊಲಿಗೆ ಮುಗಿದ ಯಾವ ಹಾಸಿಗೆಯನ್ನೂ ತಾವು ಮಲಗಿ ನೋಡದೆ ಮಾರಬಾರದು ಎಂಬುದು ರಾಯರ ವೃತ್ತಿಧರ್ಮ. ಮಧ್ಯಾಹ್ನ ಊಟ ಮುಗಿಸಿ ಬಂದವರೇ ಆ ದಿನದ ಹಾಸಿಗೆಯ ಮೇಲೆ ಬೆನ್ನು ಚೆಲ್ಲುತ್ತಾರೆ. ತಲೆ ದಿಂಬಿಗೆ ತಾಗಿತೋ ಇಲ್ಲವೋ, ಗೊರಕೆ ಶುರು. ಮೊದಲು ಮರದ ಹಲಗೆಗೆ ಗರಗಸ ಇಟ್ಟಂಥ ಸದ್ದು, ಆಮೇಲೆ ಲಾರಿ ದಿಬ್ಬ ಹತ್ತುವ ಸದ್ದು, ತುದಿಯಲ್ಲಿ ಒಂದು ಶಿಳ್ಳೆ. ಬೀದಿಯಲ್ಲಿ ಹೋಗುವವರು ನಿಂತು, "ಅಬ್ಬಬ್ಬಾ, ಏನು ನಿದ್ದೆ! ಯಾವ ಹಾಸಿಗೆ ಇದು?" ಎನ್ನುತ್ತಾರೆ. ಔಷಧಿ ಅಂಗಡಿಯವನು ಅಲ್ಲಿಂದಲೇ, "ಮುಟ್ಟಿ ನೋಡಿ, ಅವರೇನೂ ಏಳೋದಿಲ್ಲ" ಎಂದು ಧೈರ್ಯ ಹೇಳುತ್ತಾನೆ. ರಾಯರು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಅರ್ಧ ವ್ಯಾಪಾರ ಮುಗಿದೇ ಹೋಗಿರುತ್ತದೆ.

ಅಂಗಡಿಯಲ್ಲಿ ಕೀರ್ತಿ ತಂದ ಗೊರಕೆಗೆ ಮನೆಯಲ್ಲಿ ಮಾತ್ರ ಮರ್ಯಾದೆ ಇರಲಿಲ್ಲ. ಅವರ ಮನೆಯ ಮೇಲ್ಮಹಡಿಯಲ್ಲಿ ನೀರು ಸರಬರಾಜು ಕಚೇರಿಯ ಆಫೀಸರೊಬ್ಬರಿದ್ದರು. ಕೆಳಗೆ ಗರಗಸ ಶುರುವಾಯಿತೆಂದರೆ ಅವರು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಅವರ ಮೊಬೈಲಿನಲ್ಲಿ ಸದ್ದು ಅಳೆಯುವ ಒಂದು ಆ್ಯಪ್ ಇತ್ತು, ಬೆಳಿಗ್ಗೆ ಮೆಟ್ಟಿಲ ಬಳಿ ರಾಯರನ್ನು ತಡೆದು, "ನಿನ್ನೆ ಎಷ್ಟು ಬಂತು ನೋಡಿ. ಇದು ರೈಲ್ವೆ ಗೇಟಿನ ಲೆಕ್ಕ ಕಣ್ರೀ" ಎಂದು ತೋರಿಸುತ್ತಿದ್ದರು. ರಾಯರ ಹೆಂಡತಿಯಾದರೋ ಮದುವೆಯಾದ ಹೊಸದರಲ್ಲೇ ಅದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಾಗಿದ್ದರು. ರಾಯರು ಸರಕು ತರಲು ಪರವೂರಿಗೆ ಹೋದ ರಾತ್ರಿಗಳಲ್ಲಿ ಮಾತ್ರ ಅಮ್ಮನಿಗೂ ಮಗಳಿಗೂ ಯಾಕೋ ನಿದ್ದೆಯೇ ಹತ್ತುತ್ತಿರಲಿಲ್ಲ. "ಏನು ಸೊಳ್ಳೆರೀ ನೀವಿಲ್ಲದಾಗ!" ಎಂದು ಹೆಂಡತಿ ದೂರುತ್ತಿದ್ದರು. ರಾಯರು ಕಿಟಕಿಗೆಲ್ಲ ಜಾಲರಿ ಹಾಕಿಸಿಕೊಟ್ಟರು. ಆದರೂ ಅವರು ಊರಲ್ಲಿಲ್ಲದಾಗ ಸೊಳ್ಳೆ ಹೇಗೋ ಬರುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಪಾಡುಪಟ್ಟವಳು ಮಗಳು. ಹೋದ ವರ್ಷ ಶಾಲೆಯ ನಾಟಕದಲ್ಲಿ ಅವಳದು ರಾಣಿಯ ಪಾತ್ರ. ರಾಯರು ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ, ಮೈಕಿಗೆ ಮಾರು ದೂರದಲ್ಲಿ ಕುಳಿತರು. ಕುರ್ಚಿಗೆ ಮೆತ್ತೆ ಇತ್ತು, ದೀಪ ಆರಿಸಿದ್ದರು. ಅದು ಅವರ ತಪ್ಪೇ? ವೇದಿಕೆಯ ಮೇಲೆ ರಾಜ ಬಾಣ ನಾಟಿ ಸತ್ತ. ರಾಣಿ ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸಭೆಯೆಲ್ಲ ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ಮೈಕು ಗೊರಕೆ ಹೊಡೆಯಿತು. ಸತ್ತ ರಾಜನದೇ ಗೊರಕೆ ಎಂದುಕೊಂಡ ಜನ ಕುರ್ಚಿಯಿಂದ ಬೀಳುವಷ್ಟು ನಕ್ಕರು. ರಾಣಿಯ ಅಳು ನಿಜವಾದ ಅಳುವಾಯಿತು. ದೀಪ ಹಾಕಿದಾಗ ಗೊರಕೆ ಯಾರದೆಂದು ಎಲ್ಲರಿಗೂ ಗೊತ್ತಾಯಿತು. ಅಂದಿನಿಂದ ತರಗತಿಯಲ್ಲಿ ಅವಳು ಒಳಗೆ ಬಂದರೆ ಹಿಂದಿನ ಬೆಂಚಿನಿಂದ ‘ಗರ್ರ್‌ರ್’ ಎಂಬ ಸ್ವಾಗತ. ಅಪ್ಪ ಸಿಗ್ನಲ್ಲಿನಲ್ಲಿ ತೂಕಡಿಸಿದರೆ ಅವಳು ವ್ಯಾನಿನ ಗಾಜು ಏರಿಸಿ ಸೀಟಿನ ಕೆಳಕ್ಕೆ ಜಾರಿಕೊಳ್ಳುತ್ತಿದ್ದಳು.

ಪರಿಸ್ಥಿತಿ ಹೀಗಿರುವಾಗ ಮೃಗಾಲಯದವರು ಒಂದು ಕಾರ್ಯಕ್ರಮ ಗೊತ್ತುಮಾಡಿದರು. ಮಕ್ಕಳು ಮನೆಯವರ ಜತೆ ಬಂದು ಸಂಜೆ ಪ್ರಾಣಿಗಳನ್ನು ನೋಡಬಹುದು, ರಾತ್ರಿ ಮತ್ಸ್ಯಾಲಯದ ದೊಡ್ಡ ಗಾಜಿನ ತೊಟ್ಟಿಯ ಮುಂದೆ ಮಲಗಿ ಬೆಳಿಗ್ಗೆ ಮನೆಗೆ ಹೋಗಬಹುದು. ಮಗಳ ತರಗತಿಯ ನಾಲ್ಕಾರು ಮನೆಯವರು ಹೊರಟರು. ಮಹಡಿ ಮನೆಯ ಆಫೀಸರೂ ಮಗಳನ್ನು ಕರೆದುಕೊಂಡು ಹೊರಟರು.

ರಾಯರು ಹಿಗ್ಗಿ ಹೀರೇಕಾಯಿಯಾದರು. "ಮರೀ, ನಿಮಗೆಲ್ಲ ನಾನೇ ಹಾಸಿಗೆ ತರ್ತೀನಿ. ನೆಲದ ಮೇಲೆ ಮಲಗಿದ್ರೆ ಬೆನ್ನು ಹಿಡ್ಕೊಳ್ಳುತ್ತೆ" ಎಂದರು.

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪಾ, ನೀನು ಬರ್ಬೇಡ. ಅಮ್ಮ ಬರ್ಲಿ, ಮಾಮ ಬರ್ಲಿ."

"ಯಾಕೆ? ಅಂಗಡಿ ಯಾರು ನೋಡ್ಕೊಳ್ತಾರೆ ಅಂತಾನಾ?"

"ಅಲ್ಲ. ನೀನು ಗೊರಕೆ ಹೊಡೀತೀಯ."

ಊರೆಲ್ಲ ಆಡಿಕೊಂಡಾಗ ನಕ್ಕು ತಳ್ಳಿಹಾಕಿದ್ದ ರಾಯರಿಗೆ ಮಗಳ ಬಾಯಿಂದ ಬಂದ ಈ ಮಾತು ಎದೆಗೆ ನಾಟಿತು. ನೀರು ಕುಡಿದು, "ನಾನು ಗೊರಕೆ ಹೊಡೆಯೋದಿಲ್ಲ" ಎಂದರು.

"ಹೇಗೆ?"

"ನಿದ್ದೆ ಮಾಡಿದ್ರೆ ತಾನೆ ಗೊರಕೆ? ಬೆಳಗಿನವರೆಗೂ ನಿದ್ದೇನೇ ಮಾಡೋಲ್ಲ. ಆಣೆ."

ಹೆಂಡತಿ ಕಿಸಕ್ಕನೆ ನಕ್ಕರು. "ಹಲ್ಲು ಕೀಳಿಸೋಕೆ ಹೋದಾಗ ಡಾಕ್ಟರ ಕುರ್ಚೀಲಿ ಬಾಯಿ ಬಿಟ್ಕೊಂಡೇ ಮಲಗಿಬಿಟ್ಟಿದ್ರಲ್ರೀ ನೀವು!"

"ನೀನು ಸುಮ್ನಿರೇ" ಎಂದು ರಾಯರು ಮಗಳ ಮುಂದೆ ಅಂಗೈ ಚಾಚಿದರು. ಮಗಳು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು. "ಒಂದೇ ಒಂದು ಸಲ ಗೊರಕೆ ಕೇಳಿಸಿದ್ರೂ ಈ ವರ್ಷ ನಾಟಕಕ್ಕೆ ನೀನು ಬರ್ಬಾರದು. ಆಯ್ತಾ?" ಎಂದಳು. ಈ ವರ್ಷವೂ ಅವಳಿಗೆ ದೊಡ್ಡ ಪಾತ್ರವಿತ್ತು. ರಾಯರು, "ಆಯ್ತು" ಎಂದರು. ಅವಳು ಅಂಗೈಗೆ ಅಂಗೈ ತಟ್ಟಿದಳು.

ಸುದ್ದಿ ಬೀದಿಗೆ ಹಬ್ಬಲು ಹೊತ್ತು ಹಿಡಿಯಲಿಲ್ಲ. ಕ್ಷೌರಿಕ ಬಂದು, ಗೊರಕೆಯ ಮೂಲ ಮೂಗಿನ ಕೂದಲಲ್ಲಿದೆ ಎಂದು ಕೇಳುವ ಮೊದಲೇ ಕತ್ತರಿ ಆಡಿಸಿಬಿಟ್ಟ. ಔಷಧಿ ಅಂಗಡಿಯವನು ಮೂಗಿಗೆ ಅಂಟಿಸುವ ಪಟ್ಟಿ ಕೊಟ್ಟ. ಆಫೀಸರು ಅಂಗಿಯ ಬೆನ್ನಿಗೆ ಚೆಂಡು ಹೊಲಿಸಿಕೊಳ್ಳಲು ಹೇಳಿದರು. ಅಂಗಾತ ಮಲಗಿದರೆ ಚೆಂಡು ಒತ್ತಿ ಎಚ್ಚರವಾಗುವುದಂತೆ. ಹೊಲಿಗೆ ಕೈಯಲ್ಲೇ ಇದ್ದ ರಾಯರು ಹೊಲಿದುಕೊಂಡು, ಅಂಗಡಿಯ ಹಾಸಿಗೆಯ ಮೇಲೆ ಪರೀಕ್ಷೆಗೆ ಮಲಗಿದರು. ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ, ಚೆಂಡು ಅದರೊಳಗೆ ಇಳಿದುಹೋಗಿ ರಾಯರು ಸಂಜೆಯವರೆಗೂ ಏಳಲಿಲ್ಲ. ಆ ಹಾಸಿಗೆ ಅಂದೇ ಮಾರಾಟವಾಯಿತು.

ಕೊನೆಗೆ ಹೊಣೆ ಹೊತ್ತವನು ಭಾವಮೈದುನ. ಬಸ್ ಕಂಡಕ್ಟರನಾದ ಅವನು ಶಿಳ್ಳೆ ತೋರಿಸಿ, "ಭಾವ, ಏನೂ ಯೋಚ್ನೆ ಮಾಡ್ಬೇಡಿ. ನೀವು ಕಣ್ಣು ಮುಚ್ಚಿದ ಕೂಡ್ಲೆ ಊದ್ತೀನಿ" ಎಂದ.

"ಊದಿದ್ರೆ ಹುಲಿ ಸಿಂಹ ಎಲ್ಲ ಎದ್ದು ಕೂತ್ಕೊಳ್ತವೆ ಕಣೋ, ಚಿವುಟು ಸಾಕು" ಎಂದರು ಅವನ ಅಕ್ಕ.

ಆ ಸಂಜೆ ರಾಯರ ವ್ಯಾನು ಮೃಗಾಲಯದ ಗೇಟಿಗೆ ಬಂದಾಗ ಅದರ ತಲೆಯ ಮೇಲೆ ಸುರುಳಿ ಸುತ್ತಿದ ತೆಳುಹಾಸಿಗೆಗಳ ರಾಶಿಯೇ ಇತ್ತು. ಎಲ್ಲ ಮನೆಗಳಿಗೂ ಒಂದೊಂದನ್ನು ಹಂಚಿ, "ನಿಮ್ಮ ನಿದ್ದೆಗೆ ನಾವು ಜವಾಬ್ದಾರಿ" ಎಂದು ರಾಯರು ಕೈಮುಗಿದರು. ಆಫೀಸರು ಹಾಸಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಹಾಸಿಗೆ ಬಗ್ಗೆ ನನಗೆ ಸಂಶಯ ಇಲ್ಲ" ಎಂದರು.

ಕಾರ್ಯಕ್ರಮದ ಉಸ್ತುವಾರಿ ಹೊತ್ತ ಮೇಡಂ ಕಚೇರಿಗೆ ಹೊಸಬರು. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಟಾರ್ಚು, ಮುಖದಲ್ಲಿ ಎಲ್ಲವೂ ಸುಸೂತ್ರವಾದರೆ ಸಾಕಪ್ಪಾ ಎಂಬ ಕಳವಳ. ಜಿರಾಫೆಯ ಎತ್ತರ, ಆನೆಯ ಊಟ, ಹಾವಿನ ಉಪವಾಸ ಎಲ್ಲ ತೋರಿಸಿ ಎಲ್ಲರನ್ನೂ ಮತ್ಸ್ಯಾಲಯಕ್ಕೆ ಕರೆತಂದರು. ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ವಯಸ್ಸಾದ ಕೆಲಸಗಾರರೊಬ್ಬರು ಬಕೆಟ್ಟು ಹಿಡಿದು ಮನೆಗೆ ಹೊರಟಿದ್ದರು. ತೊಟ್ಟಿಯ ಪಕ್ಕದ ಗೋಡೆ ತೋರಿಸಿ, "ಇದರ ಹಿಂದೆ ಹೊಸ ಅತಿಥಿ ಒಬ್ಬ ಬಂದಿದ್ದಾನೆ. ದೂರ ಪ್ರಯಾಣ, ದಣಿದಿದ್ದಾನೆ. ಅವನನ್ನ ಬೆಳಿಗ್ಗೆ ತೋರಿಸ್ತೀನಿ ಮಕ್ಕಳೇ" ಎಂದಷ್ಟೇ ಹೇಳಿ ಹೋದರು.

ಮಲಗುವ ಜಾಗ ಗೊತ್ತುಮಾಡಿದವಳು ಮಗಳು. ಅವಳೂ ಅಮ್ಮನೂ ಗಾಜಿನ ಮುಂದೆ, ಸ್ನೇಹಿತೆಯರ ಪಕ್ಕದಲ್ಲಿ. ಅಪ್ಪ ಮಾತ್ರ ಕಂಬದ ಆಚೆ, ಗೋಡೆಯ ಮೂಲೆಯಲ್ಲಿ. ಯಾವುದಕ್ಕೂ ದೂರ ಇದ್ದರೆ ಒಳ್ಳೆಯದು ಎಂಬುದು ಅವಳ ಲೆಕ್ಕ. ರಾಯರು ತುಟಿಪಿಟಕ್ಕೆನ್ನದೆ ಮೂಲೆಗೆ ಹೋಗಿ, ಹಾಸಿಗೆಯನ್ನು ಬಿಚ್ಚದೆ ಸುರುಳಿಯ ಮೇಲೆ ಕುಳಿತರು. ಹಾಸಿದರೆ ತಮ್ಮ ಮೇಲೆ ತಮಗೇ ನಂಬಿಕೆ ಇರಲಿಲ್ಲ. ಪಕ್ಕದಲ್ಲಿ ಫ್ಲಾಸ್ಕಿನ ತುಂಬ ಕಹಿ ಕಾಫಿ. ಕಾವಲಿಗೆಂದು ಬಂದ ಭಾವಮೈದುನ, "ಭಾವ, ನಾನಿದ್ದೀನಿ" ಎಂದು ಹೇಳಿ, ಆ ಮಾತು ಮುಗಿಯುವುದರೊಳಗೆ ನಿದ್ದೆ ಹೋದ.

ದೀಪ ಆರಿಸಿದರು. ತೊಟ್ಟಿಯ ನೀಲಿ ಬೆಳಕೊಂದೇ ಉಳಿಯಿತು. ಗಾಜಿನ ಆಚೆ ಕಡಲಾಮೆಯೊಂದು ಅವಸರವಿಲ್ಲದೆ ಸುತ್ತು ಹಾಕುತ್ತಿತ್ತು. ಮೀನುಗಳು ಕಣ್ಣು ತೆರೆದುಕೊಂಡೇ ನಿಂತಲ್ಲೇ ನಿಂತಿದ್ದವು. ರೆಪ್ಪೆಯೇ ಇಲ್ಲದ ಅವುಗಳ ಭಾಗ್ಯ ತಮಗಿರಬಾರದಿತ್ತೇ ಎನಿಸಿತು ರಾಯರಿಗೆ.

ಒಬ್ಬೊಬ್ಬರಾಗಿ ಎಲ್ಲರೂ ನಿದ್ದೆಗೆ ಜಾರಿದರು. ರಾಯರು ನೋಡುತ್ತ ಕುಳಿತರು. ಇಷ್ಟು ವರ್ಷ ನಿದ್ದೆಯನ್ನು ಅಳೆದು, ಹೊಲಿದು, ಮಾರಿದ ಅವರು ಬೇರೆಯವರು ನಿದ್ದೆ ಮಾಡುವುದನ್ನು ನೋಡಿಯೇ ಇರಲಿಲ್ಲ. ನೋಡುವುದಾದರೂ ಹೇಗೆ? ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗುವವರೂ ಅವರೇ, ಕೊನೆಗೆ ಏಳುವವರೂ ಅವರೇ. ಹಗಲೆಲ್ಲ ಹುಬ್ಬು ಗಂಟಿಕ್ಕಿಕೊಂಡಿರುವ ಆಫೀಸರು ಮೊಣಕಾಲು ಮಡಚಿಕೊಂಡು, ಬಾಯಿ ಅರ್ಧ ತೆರೆದು, ಯಾರೋ ಬೈದು ಮಲಗಿಸಿದ ಮಗುವಿನಂತೆ ಕಂಡರು. ಮೇಡಂ ಕುರ್ಚಿಯಲ್ಲೇ ಟಾರ್ಚು ಅಪ್ಪಿಕೊಂಡು ಒರಗಿದ್ದರು. ಸಂಜೆಯೆಲ್ಲ ತಿರುಗಿದ ಆಯಾಸಕ್ಕೆ ಹೇಗೋ ಕಣ್ಣು ಹತ್ತಿದ್ದ ಹೆಂಡತಿಯ ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು. ನಿದ್ದೆಯಲ್ಲೂ ಅವಳ ಒಂದು ಕೈ ಮಗಳ ಹೊದಿಕೆಯ ಅಂಚನ್ನು ಹಿಡಿದುಕೊಂಡಿತ್ತು. ಇವಳ ಮುಖ ಇಷ್ಟು ಸಣ್ಣದಾದದ್ದು ಯಾವಾಗ? ಕಣ್ಣಿನ ಕೆಳಗೆ ಇಷ್ಟು ದಣಿವು ಕೂತದ್ದು ಯಾವಾಗ? ಹೆಂಡತಿ ಮಲಗಿದ್ದನ್ನು ಒಂದು ದಿನವೂ ನೋಡದೆ ಎಷ್ಟೊಂದು ವರ್ಷ ಕಳೆದುಬಿಟ್ಟೆನಲ್ಲ ಎಂದು ರಾಯರಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

ಮಗಳು ಮಾತ್ರ ಮಲಗಿರಲಿಲ್ಲ. ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುತ್ತಿದ್ದಳು. ಎಲ್ಲೋ ದೂರದಲ್ಲಿ ಯಾವುದೋ ಪ್ರಾಣಿ ಕೂಗಿದಾಗ ಎದ್ದು ಕುಳಿತು ಕಂಬದ ಕಡೆ ನೋಡಿದಳು. ರಾಯರು ಎಚ್ಚರವಾಗಿದ್ದೇನೆ ಎಂದು ತೋರಿಸಲು ಎರಡು ಬೆರಳಿನಿಂದ ರೆಪ್ಪೆ ಎಳೆದು ಕಣ್ಣನ್ನು ಬಟ್ಟಲಿನಷ್ಟು ದೊಡ್ಡದು ಮಾಡಿದರು. ಅವಳು ನಗಲಿಲ್ಲ. ಮತ್ತೆ ಮಲಗಿ ಮುಸುಕೆಳೆದುಕೊಂಡಳು. ಮುಸುಕು ಒಳಗಿಂದ ಅಲುಗಾಡುತ್ತಲೇ ಇತ್ತು. ಎದ್ದುಹೋಗಿ ತಲೆ ಸವರಬೇಕೆನಿಸಿತು. ಆದರೆ ಕಂಬ ದಾಟಬಾರದೆಂದು ಅಪ್ಪಣೆಯಾಗಿತ್ತು.

ಆಗ ಗೊರಕೆ ಶುರುವಾಯಿತು.

ಮೊದಲು ಗರಗಸ. ಆಮೇಲೆ ದಿಬ್ಬ ಹತ್ತುವ ಲಾರಿ. ರಾಯರ ಜೀವ ಬಾಯಿಗೆ ಬಂತು. ನನಗೆ ನಿದ್ದೆ ಬಂದೇ ಬಿಟ್ಟಿತೇ? ನಿದ್ದೆಯಲ್ಲಿ ಎಚ್ಚರವಾಗಿರುವ ಕನಸು ಕಾಣುತ್ತಿದ್ದೇನೆಯೇ? ತೊಡೆ ಚಿವುಟಿಕೊಂಡರು, ನೋವಾಯಿತು. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು, ಗೊರಕೆ ನಿಲ್ಲಲಿಲ್ಲ. ಮೂಗು ಹಿಡಿದರು, ಗೊರಕೆಗೆ ಶಿಳ್ಳೆ ಸೇರಿತು.

"ಶುರುವಾಯ್ತಪ್ಪಾ!" ಆಫೀಸರು ಧಡಕ್ಕನೆ ಎದ್ದು ಕುಳಿತರು. "ರೀ, ಹಾಸಿಗೆರಾಯರೇ!"

"ನಾನು ಎಚ್ಚರವಾಗಿದ್ದೀನಿ ಸ್ವಾಮೀ!" ಎಂದರು ರಾಯರು ಮೂಲೆಯಿಂದ. ಗ್ರಹಚಾರಕ್ಕೆ ಅವರು ಬಾಯಿ ತೆರೆದಾಗಲೇ ಗೊರಕೆ ನಿಂತಿತು. ಅವರು ಬಾಯಿ ಮುಚ್ಚಿದರು, ಅದು ಮುಂದುವರಿಯಿತು.

"ನೋಡಿ, ಕರೆದ್ರೆ ನಿಲ್ಲುತ್ತೆ, ಬಿಟ್ರೆ ಶುರು" ಎಂದು ಆಫೀಸರು ಎಚ್ಚರಗೊಂಡ ಇತರರಿಗೆ ವಿವರಿಸಿದರು. "ನಿದ್ದೆಗಣ್ಣಲ್ಲಿ ಮಾತಾಡ್ತಿದ್ದಾರೆ ಪಾಪ. ನಿಮ್ಮ ನಿದ್ದೆಗೆ ನಾವು ಜವಾಬ್ದಾರಿ ಅಂತ ಬೋರ್ಡು ಬೇರೆ!" ಎನ್ನುತ್ತ ದಿಂಬಿನ ಕೆಳಗಿನಿಂದ ಮೊಬೈಲು ತೆಗೆದು ಅಳೆಯತೊಡಗಿದರು.

ಗಲಾಟೆಗೆ ಅರೆ ಎಚ್ಚರವಾದ ಭಾವಮೈದುನ ತನ್ನ ಕರ್ತವ್ಯ ನೆನೆದು, ಕಣ್ಣು ಬಿಡದೆಯೇ ಕೈಚಾಚಿ ರಾಯರನ್ನು ಬಲವಾಗಿ ಚಿವುಟಿ, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ" ಎಂದು ಮಗ್ಗುಲಾದ.

ಚಿವುಟಿಸಿಕೊಂಡ ರಾಯರು ತೋಳು ಉಜ್ಜಿಕೊಳ್ಳುತ್ತ ತಲೆಯೆತ್ತಿದರು. ಆಗ ಮುಖಕ್ಕೆ ಬೆಚ್ಚಗಿನ ಗಾಳಿಯೊಂದು ಬಡಿಯಿತು. ಅದರಲ್ಲಿ ಮೀನಿನ ವಾಸನೆ. ತಲೆಯ ಮೇಲೆ, ಗೋಡೆಯಲ್ಲಿ, ಗಾಳಿಯಾಡಲು ಬಿಟ್ಟ ಕಂಡಿಯೊಂದಕ್ಕೆ ಸರಳು ಹಾಕಿದ್ದರು. ಒಂದು ಗೊರಕೆಗೆ ಒಂದು ಸಲ ವಾಸನೆ. ರಾಯರು ಹಾಸಿಗೆಯ ಸುರುಳಿಯ ಮೇಲೆ ನಿಂತು ಇಣುಕಿದರು. ಆಚೆಯ ಕೋಣೆಯಲ್ಲಿ, ಒದ್ದೆ ಕಟ್ಟೆಯ ಮೇಲೆ, ಸೀ ಲಯನ್ ಎನ್ನುತ್ತಾರಲ್ಲ, ಆ ಮೀಸೆಯ ಕಡಲಸಿಂಹವೊಂದು ಅಂಗಾತ ಬಿದ್ದುಕೊಂಡು, ತನಗೆ ಯಾರ ಹಂಗೂ ಇಲ್ಲವೆಂಬಂತೆ ನಿದ್ದೆ ಹೊಡೆಯುತ್ತಿತ್ತು. ಅದರ ಹೊಟ್ಟೆ ಏರಿಳಿಯುವುದನ್ನು ಕಂಡು ರಾಯರಿಗೆ ಒಂದು ಕ್ಷಣ ಎಲ್ಲ ಮರೆತುಹೋಯಿತು. ಬರಿ ಸಿಮೆಂಟು ಕಟ್ಟೆಯ ಮೇಲೆ ಇಂಥ ನಿದ್ದೆಯೇ! ಹಾಸಿಗೆಯವರ ಪಾಲಿಗೆ ಅದು ನೋಡಬಾರದ ದೃಶ್ಯ.

ಆಮೇಲೆ ಅವರಿಗೆ ಹೋದ ಮಾನ ಬಂದಂತಾಯಿತು. ಸಾಕ್ಷಿ ಸಿಕ್ಕಿತು! ಎಲ್ಲರನ್ನೂ ಕರೆದು ಕಂಡಿಯಲ್ಲಿ ಇಣುಕಿಸಿದರೆ ಮುಗಿಯಿತು. ಸುರುಳಿಯಿಂದ ಕೆಳಗಿಳಿಯುವಷ್ಟರಲ್ಲಿ ಮೇಡಂ ಟಾರ್ಚು ಹಿಡಿದು ಎದುರಿಗೆ ನಿಂತಿದ್ದರು.

"ಸರ್, ದಯವಿಟ್ಟು ತಪ್ಪು ತಿಳೀಬೇಡಿ. ಎಲ್ಲರೂ ಹೇಳ್ತಿದ್ದಾರೆ, ಈ ಗೊರಕೆ..."

"ನಂದಲ್ಲ ಮೇಡಂ."

"ನಿಮ್ಮದಲ್ವಾ? ಹಾಗಾದ್ರೆ ಯಾರದು ಹೇಳಿ ಸರ್. ಯಾರದಾದ್ರೂ ಸರಿ, ಈಗಲೇ ಎಬ್ಬಿಸಿ ನಿಲ್ಲಿಸಿಬಿಡ್ತೀನಿ."

ರಾಯರು ಕಂಡಿಯ ಕಡೆ ಕೈ ಎತ್ತಿದರು. ಟಾರ್ಚಿನ ಬೆಳಕು ಕಂಬದ ಆಚೆಗೂ ಹರಡಿತ್ತು. ಆ ಬೆಳಕಿನಲ್ಲಿ ಮಗಳು ಕಂಡಳು. ಮುಸುಕು ಸರಿದಿತ್ತು. ಒಂದು ಕೈ ಕೆನ್ನೆಯ ಕೆಳಗೆ, ಒಂದು ಕಾಲು ಅಮ್ಮನ ಮೇಲೆ. ಇಷ್ಟು ಗಲಾಟೆಯಲ್ಲಿ, ಇಷ್ಟು ಗೊರಕೆಯಲ್ಲಿ, ಮಕ್ಕಳಲ್ಲಿ ಅವಳೊಬ್ಬಳೇ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಪಕ್ಕದಲ್ಲಿ ಹೆಂಡತಿಯೂ ಮಿಸುಕಿರಲಿಲ್ಲ.

ಪರವೂರಿನ ರಾತ್ರಿಗಳ ಸೊಳ್ಳೆ ಯಾವುದೆಂದು ರಾಯರಿಗೆ ಆಗ ಹೊಳೆಯಿತು. ಹುಟ್ಟಿದಂದಿನಿಂದ ಈ ಮಗು ಗರಗಸ, ಲಾರಿ, ಶಿಳ್ಳೆ ಕೇಳಿಯೇ ಮಲಗಿದೆ. ಅದು ಇದ್ದರೆ ಅಪ್ಪ ಮನೆಯಲ್ಲಿದ್ದಾನೆ ಎಂದು ಅದರ ಕಿವಿಗೆ ಗೊತ್ತು. ಗೋಡೆಯ ಆಚೆಯದನ್ನು ಎಬ್ಬಿಸಿದರೆ ಸದ್ದು ನಿಲ್ಲುತ್ತದೆ. ಸದ್ದು ನಿಂತರೆ ಅವಳು ಎದ್ದು, ಗೊತ್ತಿಲ್ಲದ ಈ ಕತ್ತಲಲ್ಲಿ ಮತ್ತೆ ಹೊರಳಾಡುತ್ತಾಳೆ. ಎಬ್ಬಿಸದಿದ್ದರೆ ನಾಟಕ ಹೋಗುತ್ತದೆ, ಕೊಟ್ಟ ಮಾತೂ ಹೋಗುತ್ತದೆ. ರಾಯರು ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು.

"ನಂದೇ ಮೇಡಂ" ಎಂದರು. "ನಿದ್ದೆಗಣ್ಣಲ್ಲಿ ಏನೋ ಅಂದುಬಿಟ್ಟೆ."

ಮೇಡಂ ಅವರನ್ನು ಟಿಕೆಟ್ ಕೊಡುವ ಕೋಣೆಗೆ ಕರೆದೊಯ್ದು, ಕುರ್ಚಿ ಕೊಟ್ಟು, ಬಾಗಿಲು ಎಳೆದುಕೊಂಡು ಹೋದರು. ರಾಯರು ಕಾಫಿ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಿದ್ದರೋ ಇಲ್ಲವೋ, ಮೇಡಂ ಮತ್ತೆ ಪ್ರತ್ಯಕ್ಷರಾದರು.

"ಸರ್, ಇಲ್ಲಿಂದಲೂ ಕೇಳಿಸ್ತಿದೆ!"

"ಇಲ್ಲಿಂದಲೂನಾ?" ಎಂದರು ರಾಯರು, ಆದಷ್ಟು ತಪ್ಪಿತಸ್ಥರಂತೆ.

"ಒಂಚೂರೂ ಕಮ್ಮಿ ಆಗಿಲ್ಲ. ಆ ಆಫೀಸರಂತೂ ಈಗ ಜಾಸ್ತಿಯಾಗಿದೆ ಅಂತ ಮೊಬೈಲ್ ತೋರಿಸ್ತಿದ್ದಾರೆ."

ಅಲ್ಲಿಂದ ರಾಯರನ್ನು ಆನೆಗಳ ಮೇವಿನ ಕೊಟ್ಟಿಗೆಗೆ ದಾಟಿಸಲಾಯಿತು. ಹುಲ್ಲಿನ ಹೊರೆಗೆ ಒರಗಿದಾಗ ಅವರೊಳಗಿನ ವ್ಯಾಪಾರಿ, ಇದನ್ನು ತುಂಬಿದರೆ ಹಾಸಿಗೆ ಹೇಗಾಗಬಹುದೆಂದು ಒತ್ತಿ ನೋಡಿದ. ಕಣ್ಣು ಎಳೆಯಿತು. ರಾಯರು ಎದ್ದು ನಿಂತರು. ಇಲ್ಲಿ ಗೊರಕೆ ಹೊಡೆದರೂ ಕೇಳುವವರಿರಲಿಲ್ಲ. ಹೊಡೆದ ಅಪವಾದ ಹೇಗೂ ಬಂದಾಗಿತ್ತು. ಆದರೂ ಆಣೆ ಆಣೆಯೇ. ಪಕ್ಕದ ಸರಳಿನಾಚೆ ಆನೆ ನಿಂತೇ ಇತ್ತು. ಅದರ ಜತೆ ತಾವೂ ನಿಂತುಕೊಂಡರು.

ಮೇಡಂ ಓಡೋಡಿ ಬಂದರು. "ಸರ್! ಅಷ್ಟು ದೂರಕ್ಕೂ ಕೇಳಿಸ್ತಿದೆ! ನಿಮಗೆ ಡಾಕ್ಟರು ಏನೂ ಹೇಳಿಲ್ವಾ ಸರ್?" ಈಗ ಅವರ ದನಿಯಲ್ಲಿ ದೂರಿಗಿಂತ ಭಯಭಕ್ತಿ ಹೆಚ್ಚಾಗಿತ್ತು. "ಗೇಟಿನಾಚೆ ನಿಮ್ಮ ವ್ಯಾನ್ ಇದೆಯಲ್ಲ..."

"ಹೋಗ್ತೀನಿ ತಾಯಿ. ನನ್ನ ಮಗಳು ಎದ್ದಿಲ್ಲ ತಾನೆ?"

"ಅದೊಂದೇ ಮಗು ಸರ್ ಮಲಗಿರೋದು. ಪಾಪ, ಅಭ್ಯಾಸ ಆಗಿಹೋಗಿರ್ಬೇಕು" ಎಂದರು ಮೇಡಂ ಮರುಕದಿಂದ.

"ಹೌದು, ಅಭ್ಯಾಸ" ಎಂದು ರಾಯರು ಗೇಟು ದಾಟಿದರು. ವ್ಯಾನಿನ ಸುತ್ತ ನಡೆದರು, ಹಾಡು ಗುನುಗಿದರು, ನಲ್ಲಿಯಲ್ಲಿ ಮುಖ ತೊಳೆದರು, ಮತ್ತೆ ನಡೆದರು. ಮೇಡಂ ಪುನಃ ಬರಲಿಲ್ಲ; ಗೇಟಿನಾಚೆಯ ಮನುಷ್ಯನ ಮೇಲೆ ಮೃಗಾಲಯದವರಿಗೆ ಅಧಿಕಾರವಿರಲಿಲ್ಲವೇನೋ.

ಬೆಳಗಾದ ಮೇಲೆ ರಾಯರು ಒಳಗೆ ಹೋದಾಗ ಮತ್ಸ್ಯಾಲಯ ನೋಡುವಂತಿರಲಿಲ್ಲ. ಎಲ್ಲರ ಕಣ್ಣೂ ಕೆಂಡ. ಕಿವಿಗೆ ಹತ್ತಿ ಬೇಕೆಂದು ಯಾರೋ ರಾಯರ ಹಾಸಿಗೆಯ ಹೊಲಿಗೆಯನ್ನೇ ಬಿಚ್ಚಿದ್ದರು. ಮಗಳ ಮುಖ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಆದರೆ ಅವಳು ಎದ್ದ ಕೂಡಲೇ ಹಿಂದಿನ ಬೆಂಚಿನವರೆಲ್ಲ ಸೇರಿ ರಾತ್ರಿಯ ಕಥೆ ಹೇಳಿದ್ದರು. ಅಪ್ಪನನ್ನು ಕಂಡವಳೇ ಹತ್ತಿರ ಬಂದು ನಿಂತಳು.

"ಆಣೆ ಮಾಡಿದ್ದೆ ನೀನು."

"ಹೂಂ" ಎಂದರು ರಾಯರು.

"ನಾಟಕಕ್ಕೆ ಬರ್ಬೇಡ."

"ಆಗ್ಲಿ ಮರೀ" ಎಂದರು. ಹಾಸಿಗೆ ಸುತ್ತುವ ನೆಪದಲ್ಲಿ ಬಗ್ಗಿದರು.

ಅಷ್ಟರಲ್ಲಿ ಬಕೆಟ್ಟಿನ ಸದ್ದಾಯಿತು. ನಿನ್ನೆ ಸಂಜೆಯ ವಯಸ್ಸಾದ ಕೆಲಸಗಾರರು ಬಂದು, ಸಾಲಾಗಿ ಕುಳಿತ ಕೆಂಗಣ್ಣುಗಳನ್ನು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ ಮೇಡಂ! ಆ ಕಂಡಿಗೆ ಮುಚ್ಚಳ ಹಾಕಿ ಅಂತ ಹೇಳೋದೇ ಮರೆತೆ. ನಮ್ಮ ಕಡಲಸಿಂಹ ಭಯಂಕರ ಗೊರಕೆಯವನು. ಹಿಂದೆ ಇದ್ದ ಕಡೆಯಿಂದ ಅದಕ್ಕೇ ಇಲ್ಲಿಗೆ ಕಳಿಸಿದ್ದಾರೋ ಏನೋ!"

ಅವರ ಮಾತು ಮುಗಿಯುವಷ್ಟರಲ್ಲಿ ಮೂಲೆಯ ಕಂಡಿಯಿಂದ ಗರಗಸ ಶುರುವಾಯಿತು. ಆಮೇಲೆ ಲಾರಿ. ಎಲ್ಲರೂ ಕಂಡಿಯನ್ನು ನೋಡಿದರು, ಆಮೇಲೆ ಹಾಸಿಗೆಯ ಸುರುಳಿ ಅಪ್ಪಿಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದ ರಾಯರನ್ನು ನೋಡಿದರು. ಕೊನೆಯಲ್ಲಿ ಶಿಳ್ಳೆ ಬಂತು. ಆಫೀಸರು ಇಂಗು ತಿಂದ ಮಂಗನಂತಾದರು. ಸ್ವಲ್ಪ ಹೊತ್ತು ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿ, "ಅಳತೆಯೇನೋ ಸರಿಯಾಗೇ ಇತ್ತು. ವಿಳಾಸ ತಪ್ಪಾಯ್ತು, ಕ್ಷಮಿಸಿ ರಾಯರೇ" ಎಂದರು. ಮೇಡಂ ಟಾರ್ಚನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಮಗಳು ಅಪ್ಪನ ಅಂಗಿಯ ತುದಿ ಎಳೆದಳು.

"ನೀನು ಗೊರಕೆ ಹೊಡೀಲೇ ಇಲ್ವಾ?"

"ಇಲ್ಲ."

"ನಿದ್ದೆ?"

"ಮಾಡಿಲ್ಲ."

"ಅದು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕಪ್ಪಾ ಹೇಳ್ಲಿಲ್ಲ?"

ರಾಯರು ಹಾಸಿಗೆಯ ದಾರಕ್ಕೆ ಗಂಟು ಹಾಕುತ್ತ, "ನೀನು ಮಲಗಿದ್ಯಲ್ಲ" ಎಂದರು.

ಅವಳಿಗೆ ಎಷ್ಟು ಅರ್ಥವಾಯಿತೋ. ಹೆಂಡತಿಗೆ ಅರ್ಥವಾಯಿತು. ಅವರು ಕಣ್ಣು ಒರೆಸಿಕೊಂಡು, "ಕಿಟಕಿಯ ಜಾಲರಿ ತೆಗೆಸಿಬಿಡಿ ಇನ್ನು" ಎಂದರು.

ಮನೆಗೆ ಹೋಗುವಾಗ ವ್ಯಾನು ಓಡಿಸಿದವನು, ರಾತ್ರಿಯೆಲ್ಲ ಸುಖವಾಗಿ ಮಲಗೆದ್ದ ಭಾವಮೈದುನ. ಹಿಂದೆ ಕಿಟಕಿಯ ಬಳಿ ಮಗಳು, ಅವಳ ಪಕ್ಕ ರಾಯರು. "ಅಪ್ಪಾ, ನಾಟಕಕ್ಕೆ ಮುಂದಿನ ಸಾಲಲ್ಲೇ ಕೂತ್ಕೋಬೇಕು" ಎಂದು ಅವಳು ಹೇಳುತ್ತಿದ್ದಳು, ಉತ್ತರ ಬರಲಿಲ್ಲ. ರಾಯರ ತಲೆ ಹಿಂದಕ್ಕೆ ಒರಗಿತ್ತು.

ಕೆಂಪು ದೀಪಕ್ಕೆ ವ್ಯಾನು ನಿಂತಿತು. ಪಕ್ಕದಲ್ಲೇ ಆಫೀಸರ ಕಾರು ಬಂದು ನಿಂತಿತು. ಕಿಟಕಿಯಲ್ಲಿ ಅವರ ಮಗಳು. ಗರಗಸ ಹಲಗೆಗೆ ಬಿತ್ತು, ಲಾರಿ ದಿಬ್ಬ ಹತ್ತಿತು. ಆಫೀಸರ ಮಗಳು ಇತ್ತ ತಿರುಗಿದಳು. ಮುಂದಿನ ಸೀಟಿನಲ್ಲಿದ್ದ ಹೆಂಡತಿ ಅಭ್ಯಾಸಬಲದಿಂದ ಗಾಜು ಏರಿಸಲು ಹಿಂದಕ್ಕೆ ಕೈ ಚಾಚಿದರು. ಮಗಳು ಆ ಕೈಯನ್ನು ಸರಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ, ತಲೆ ಹೊರಗೆ ಹಾಕಿದಳು.

"ಕೇಳಿಸ್ತಾ?" ಎಂದು ಕೂಗಿದಳು. "ಇದು ನಮ್ಮಪ್ಪಂದು!"

ಹಸಿರು ದೀಪ ಬಂತು. ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು. ರಾಯರು ಏಳಲಿಲ್ಲ. ಮನೆ ಬರುವವರೆಗೂ ಅವಳು ಗಾಜು ಏರಿಸಲಿಲ್ಲ; ಮನೆ ಬರುವಷ್ಟರಲ್ಲಿ ಅಪ್ಪನ ತೋಳಿಗೆ ಒರಗಿದ್ದ ಅವಳಿಗೂ ನಿದ್ದೆ ಹತ್ತಿತ್ತು.